ಅಪ್ಪನಿಗೆ ಹೇಳದೆ ಟ್ರಯಲ್‌ಗೆ ಸೇರಿಸಬಹುದಾ?

ಪ್ರಶ್ನೆ: ಅಪ್ಪನಿಗೆ ಬಾಯಿ ಕ್ಯಾನ್ಸರ್. ಆಪರೇಶನ್, ರೇಡಿಯೇಶನ್ ಆದ ಮೇಲೂ ಮತ್ತೆ ಬಂದಿದೆ. ಬೆಂಗಳೂರಿನ ಡಾಕ್ಟರು 'ಒಂದು ಕ್ಲಿನಿಕಲ್ ಟ್ರಯಲ್ (ಹೊಸ ಚಿಕಿತ್ಸೆಯನ್ನು ರೋಗಿಗಳಲ್ಲಿ ಪರೀಕ್ಷಿಸಿ ನೋಡುವುದು) ಇದೆ, ಸೇರುತ್ತೀರಾ' ಅಂತ ಕೇಳಿದರು. ನೆಂಟರು 'ಪ್ರಯೋಗದ ಇಲಿ ಮಾಡ್ತಾರೆ, ಬೇಡ' ಅನ್ನುತ್ತಿದ್ದಾರೆ. ಕ್ಯಾನ್ಸರ್ ಅಂತ ಅಪ್ಪನಿಗೆ ನಾವು ಹೇಳಿಲ್ಲ, ಗಡ್ಡೆ ಅಂದಿದ್ದೇವೆ ಅಷ್ಟೆ. ಅಣ್ಣ ಸಹಿ ಹಾಕಿದರೆ ಸಾಕಾ?
– ಒಬ್ಬ ಮಗಳು, ತೀರ್ಥಹಳ್ಳಿ

ಉತ್ತರ: ಸಾಕಾಗುವುದಿಲ್ಲ ತಂಗಿ. ಅಪ್ಪನಿಗೆ ಬುದ್ಧಿ, ಪ್ರಜ್ಞೆ ಸರಿಯಾಗಿದೆ ಅಂದ ಮೇಲೆ ಸಹಿ ಅವರದ್ದೇ ಆಗಬೇಕು. ಓದು ಬರಹ ಬರದಿದ್ದರೆ ಟ್ರಯಲ್‌ಗೆ ಸಂಬಂಧವಿಲ್ಲದ ಒಬ್ಬರು ಸಾಕ್ಷಿಯಾಗಿ ಕೂತಿದ್ದು, ಎಲ್ಲವನ್ನೂ ಓದಿ ಹೇಳಿದ ಮೇಲೆ ಹೆಬ್ಬೆಟ್ಟು ಒತ್ತಬಹುದು. ನಮ್ಮ ಕಡೆ ಮನೆಯವರೆಲ್ಲ ಸೇರಿ ಕಾಯಿಲೆ ಮುಚ್ಚಿಡುವುದು ಪ್ರೀತಿಯಿಂದಲೇ, ಅದು ನನಗೆ ಗೊತ್ತು. ಆದರೆ ರೇಡಿಯೇಶನ್ ವಾರ್ಡಿನಲ್ಲಿ ಅಷ್ಟು ದಿನ ಕೂತು ಬಂದವರಿಗೆ ತಮಗೇನಾಗಿದೆ ಅಂತ ಅಂದಾಜು ಇರುವುದಿಲ್ವಾ? ಬಹಳ ಸಲ ಅವರೂ ಮಕ್ಕಳಿಗೆ ಬೇಜಾರಾಗಬಾರದು ಅಂತ ಸುಮ್ನೆ ಇರುತ್ತಾರೆ. ಮೊದಲು ಹೇಳಿ. ನಿಮಗೆ ಬಾಯಿ ಬರದಿದ್ದರೆ ಡಾಕ್ಟರಿಂದಲೇ ಹೇಳಿಸಿ.

ಇನ್ನು ಇಲಿ ಮಾತು. ಟ್ರಯಲ್‌ನಲ್ಲಿ ಹಂತಗಳಿವೆ. ಮೊದಲ ಹಂತದಲ್ಲಿ ಎಷ್ಟು ಡೋಸ್ ದೇಹ ತಡೆಯುತ್ತದೆ ಅಂತ ಕೆಲವೇ ಜನರಲ್ಲಿ ನೋಡುತ್ತಾರೆ, ಎರಡನೆಯದರಲ್ಲಿ ಗಡ್ಡೆಯ ಮೇಲೆ ಕೆಲಸ ಮಾಡುತ್ತದಾ ಅಂತ, ಮೂರನೆಯದರಲ್ಲಿ ಈಗಿರುವ ಚಿಕಿತ್ಸೆಯ ಜೊತೆ ಹೋಲಿಸಿ. ಮೂರನೆಯದರಲ್ಲಿ ಸಾಮಾನ್ಯವಾಗಿ ಯಾರು ಯಾವ ಗುಂಪಿಗೆ ಅಂತ ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ತೀರ್ಮಾನಿಸುತ್ತದೆ, ಡಾಕ್ಟರಲ್ಲ. ಹೊಸ ಔಷಧಿ ಸಿಗದ ಗುಂಪಿಗೂ ಸಾಮಾನ್ಯವಾಗಿ ಮಾಮೂಲಿ ಚಿಕಿತ್ಸೆ ಇದ್ದೇ ಇರುತ್ತದೆ. ಅಪ್ಪನ ಟ್ರಯಲ್ ಯಾವ ಹಂತದ್ದು ಅಂತ ಕೇಳಿ, ಉತ್ತರ ತುಂಬಾ ಬದಲಾಗುತ್ತದೆ.

ಒಂದು ಉದಾಹರಣೆ. ಮುಂಬೈನ ಟಾಟಾ ಆಸ್ಪತ್ರೆಯವರು ಬಾಯಿ, ಗಂಟಲು ಕ್ಯಾನ್ಸರ್ ಮತ್ತೆ ಬಂದವರಲ್ಲಿ ನಿವೊಲುಮಾಬ್ ಅನ್ನುವ ದುಬಾರಿ ಇಂಜೆಕ್ಷನ್ನನ್ನು ತೀರಾ ಕಡಿಮೆ ಡೋಸಿನಲ್ಲಿ, 3 ವಾರಕ್ಕೊಮ್ಮೆ 20 ಮಿಲಿಗ್ರಾಂ, ಮಾತ್ರೆಗಳ ಜೊತೆ ಕೊಟ್ಟು ನೋಡಿದರು. ವರ್ಷದ ಹೊತ್ತಿಗೆ ಬರೀ ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು 16 ಜನ ಬದುಕಿದ್ದರು, ಇಂಜೆಕ್ಷನ್ ಸೇರಿಸಿದವರಲ್ಲಿ ಸುಮಾರು 43. ಫಲಿತಾಂಶ ಪ್ರಕಟವಾಗಿದ್ದು 2023ರಲ್ಲಿ. ಕಾಯಿಲೆ ಪೂರ್ತಿ ಹೋಯಿತು ಅಂತಲ್ಲ, ಅರ್ಧಕ್ಕಿಂತ ಜಾಸ್ತಿ ಜನ ಉಳಿಯಲಿಲ್ಲ, ಅದನ್ನೂ ಹೇಳಬೇಕು. ಆದರೆ 151 ಜನ ಒಪ್ಪಿದ್ದರಿಂದಲೇ ಕಡಿಮೆ ಖರ್ಚಿನ ದಾರಿಯೊಂದು ಕಂಡಿತು. ಎಲ್ಲ ಟ್ರಯಲ್ ಹೀಗೆ ಗೆಲ್ಲುವುದಿಲ್ಲ.

ಕಾನೂನೂ ಇದೆ. 2019ರ ನಿಯಮದ ಪ್ರಕಾರ ಹೊಸ ಔಷಧಿಯ ಟ್ರಯಲ್‌ಗೆ ಎಥಿಕ್ಸ್ ಕಮಿಟಿಯ (ರೋಗಿಗಳ ಹಿತ ಕಾಯುವ ಸಮಿತಿ) ಒಪ್ಪಿಗೆ ಬೇಕು, ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ, ಟ್ರಯಲ್‌ನಿಂದಲೇ ಹಾನಿಯಾದರೆ ಅಥವಾ ಜೀವ ಹೋದರೆ ಪರಿಹಾರ. ಯಾವಾಗ ಬೇಕಾದರೂ ಬಿಟ್ಟು ಬರಬಹುದು, ಅದಕ್ಕಾಗಿ ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಸಿಟಿಆರ್‌ಐ ಅಂದರೆ ದೇಶದ ಟ್ರಯಲ್‌ಗಳನ್ನು ನೋಂದಾಯಿಸುವ ಸರ್ಕಾರಿ ಪಟ್ಟಿ. ಅದರ ನಂಬರ್ ಕೇಳಿ ಬರೆದುಕೊಳ್ಳಿ, ಆ ಪಟ್ಟಿಯಲ್ಲಿ ಯಾರು ಬೇಕಾದರೂ ನೋಡಬಹುದು. ಮಾಹಿತಿ ಪತ್ರ ಕನ್ನಡದಲ್ಲೇ ಕೇಳಿ, ಮನೆಗೆ ತಂದು ಓದಿ. ಅವತ್ತೇ ಸಹಿ ಹಾಕಬೇಕು ಅಂತ ಅವಸರ ಮಾಡಿದರೆ ಹಾಕಬೇಡಿ.

ಓಡಾಟದ ಮಾತೂ ಆಗಲಿ. ಎಷ್ಟು ದಿನಕ್ಕೊಮ್ಮೆ ಬೆಂಗಳೂರಿಗೆ ಹೋಗಬೇಕು, ಬಸ್ ಖರ್ಚು ಕೊಡುತ್ತಾರಾ, ರಕ್ತ ಪರೀಕ್ಷೆ ಶಿವಮೊಗ್ಗದಲ್ಲೇ ಮಾಡಿಸಬಹುದಾ? ಮಳೆಗಾಲದ ರಾತ್ರಿ ಅಪ್ಪನಿಗೆ ಜ್ವರ ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಇದೆಲ್ಲ ಕೇಳಿದ ಮೇಲೆ ಅಪ್ಪ ಬೇಡ ಅಂದರೆ ಬೇಡ. ಹೂಂ ಅಂದರೆ ನೆಂಟರ ಮಾತಿಗೆ ತಡೆಯಬೇಡಿ.

ಪ್ರಶ್ನೆ: ಟ್ರಯಲ್‌ನಲ್ಲಿದ್ದೇನೆ. ಜೊತೆಗೆ ನಾಟಿ ಔಷಧಿ ತೆಗೆದುಕೊಳ್ಳಬಹುದಾ?
– ಸಾಗರದ ಓದುಗರು

ಉತ್ತರ: ಡಾಕ್ಟರಿಗೆ ಹೇಳದೆ ಖಂಡಿತ ಬೇಡ. ಕೆಲವು ಬೇರು, ಚಕ್ಕೆ ಲಿವರಿಗೆ ಹೊಡೆಯುತ್ತವೆ, ಕೆಲವು ಕ್ಯಾನ್ಸರ್ ಔಷಧಿಯ ಪ್ರಮಾಣವನ್ನು ರಕ್ತದಲ್ಲಿ ಏರುಪೇರು ಮಾಡುತ್ತವೆ. ಈಗಾಗಲೇ ಶುರು ಮಾಡಿದ್ದರೆ ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಮುಂದಿನ ಸಲ ಹೋಗುವವರೆಗೂ ಕಾಯದೆ ಇವತ್ತೇ ಟ್ರಯಲ್‌ನವರಿಗೆ ಫೋನ್ ಮಾಡಿ ತಿಳಿಸಿ, ಹೋಗುವಾಗ ಆ ನಾಟಿ ಔಷಧಿಯನ್ನೂ ತೆಗೆದುಕೊಂಡು ಹೋಗಿ ತೋರಿಸಿ.