ಕಂಪ್ಯುಟೇಶನಲ್ ನಂಬರ್ ಥಿಯರಿಗೆ ಹೊಸದಾಗಿ ಸೇರಿದ ಪಿಎಚ್‌ಡಿ ವಿದ್ಯಾರ್ಥಿಗೆ ಮೊದಲು ಏನು ಮಾಡಿಸಬೇಕು?

ಥಿಯರಿ ಗಟ್ಟಿಯಿದೆ, ಪ್ರೋಗ್ರಾಮಿಂಗ್ ಅಷ್ಟಕ್ಕಷ್ಟೇ. ಎಲ್ಲಿಂದ ಶುರು ಮಾಡಿಸಲಿ ಎಂದು ಕೇಳಿದ್ದೀರಿ. ಕೈಲೆಕ್ಕದಿಂದ ಶುರು ಮಾಡಿಸಿ ಎನ್ನುತ್ತೇನೆ. (a, b, c) ಎಂದರೆ ax² + bxy + cy² ಎಂಬ ದ್ವಿಘಾತ ರೂಪ, b² − 4ac ಅದರ ಡಿಸ್ಕ್ರಿಮಿನಂಟ್. ಡಿಸ್ಕ್ರಿಮಿನಂಟ್ −23 ಕೊಟ್ಟು ರೆಡ್ಯೂಸ್ಡ್ (ಅಂದರೆ |b| ≤ a ≤ c ಇರುವ) ದ್ವಿಘಾತ ರೂಪಗಳನ್ನೆಲ್ಲ ಬರೆಯಲು ಹೇಳಿ: (1, 1, 6), (2, 1, 3), (2, −1, 3). ಮೂರೇ ಸಿಗುತ್ತವೆ, ಅಂದರೆ ಕ್ಲಾಸ್ ನಂಬರ್ (ಒಂದಕ್ಕೊಂದು ಸಮಾನವಲ್ಲದ ರೂಪಗಳ ಎಣಿಕೆ) 3. ಆಮೇಲೆ ಇದನ್ನೇ ಪ್ರೋಗ್ರಾಂ ಮಾಡಿಸಿ. −163ಕ್ಕೆ 1, −20ಕ್ಕೆ 2 ಬರಬೇಕು. −20ಕ್ಕೆ 3 ಬಂದರೆ (2, 2, 3) ಮತ್ತು (2, −2, 3) ಎರಡನ್ನೂ ಎಣಿಸಿದ್ದಾರೆ ಎಂದೇ ಅರ್ಥ. ಅವೆರಡೂ ಒಂದೇ ಕ್ಲಾಸಿನವು. ನಡುವಿನ ಸಂಖ್ಯೆಯ ಪರಿಮಾಣ ಮೊದಲನೆಯದಕ್ಕೆ ಸಮವಾದಾಗ, ಅಥವಾ ಮೊದಲನೆಯದೂ ಕೊನೆಯದೂ ಸಮವಾದಾಗ, ನಡುವಿನದು ಋಣವಾಗಿರುವ ರೂಪವನ್ನು ಬಿಡಬೇಕು. −12ಕ್ಕೆ (2, 2, 2) ನುಸುಳಿದರೆ ಸಾಮಾನ್ಯ ಅಪವರ್ತನ ಪರೀಕ್ಷಿಸಲು ಮರೆತಿದ್ದಾರೆ.

ಪೈಥಾನ್ ಆಧಾರಿತ ಗಣಿತ ತಂತ್ರಾಂಶ ಸೇಜ್ ಬಳಸುವವರು ತಪ್ಪದೆ ಎಡವುವ ಜಾಗ ಒಂದಿದೆ. ಸೇಜ್ ಕಿಟಕಿಯಲ್ಲಿ 2^3 ಎಂದರೆ 8, 1/2 ಎಂದರೆ ಭಿನ್ನರಾಶಿಯೇ. ಅದೇ ಸಾಲುಗಳನ್ನು ಬರಿಯ ಪೈಥಾನ್ ಕಡತಕ್ಕೆ ಹಾಕಿದರೆ 2^3 ಬಿಟ್‌ಗಳ ಎಕ್ಸಾರ್ (ಬಿಟ್‌ಗಳು ಬೇರೆಯಿದ್ದರೆ 1, ಒಂದೇ ಇದ್ದರೆ 0) ಆಗಿ 1 ಕೊಡುತ್ತದೆ, 1/2 ದಶಮಾಂಶ 0.5 ಆಗುತ್ತದೆ. ಯಾವ ಎರರ್ ಕೂಡ ಬರುವುದಿಲ್ಲ, ಉತ್ತರ ಮಾತ್ರ ತಪ್ಪು. ಘಾತಕ್ಕೆ ಎರಡು ನಕ್ಷತ್ರ, ಭಾಗಾಕಾರಕ್ಕೆ ಮೊದಲೇ ಸೇಜ್‌ನ ಇಂಟೀಜರ್ ಮಾಡಿಕೊಳ್ಳುವುದು: ಮೊದಲ ವಾರವೇ ಈ ಅಭ್ಯಾಸ ಆಗಲಿ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು, ಕಂಪ್ಯೂಟರ್ ಕೊಟ್ಟ ಉತ್ತರಕ್ಕೂ ಸಾಬೀತಾದ ಉತ್ತರಕ್ಕೂ ಇರುವ ಅಂತರ. ಪಾರಿ ಎಂಬ ನಂಬರ್ ಥಿಯರಿ ತಂತ್ರಾಂಶದ ಬಿಎನ್‌ಎಫ್‌ಇನಿಟ್ ಆಜ್ಞೆ ಕ್ಲಾಸ್ ಗ್ರೂಪನ್ನು (ಇದರ ಗಾತ್ರವೇ ಕ್ಲಾಸ್ ನಂಬರ್) ಸರಸರನೆ ಕೊಡುತ್ತದೆ, ಆದರೆ ಇನ್ನೂ ಸಾಬೀತಾಗದ ಜನರಲೈಸ್ಡ್ ರೀಮನ್ ಹೈಪಾಥಿಸಿಸ್ ನಿಜವೆಂದು ಇಟ್ಟುಕೊಂಡು. ಬಿಎನ್‌ಎಫ್‌ಸರ್ಟಿಫೈ ಓಡಿಸಿ 1 ಬಂದ ಮೇಲೆಯೇ ಆ ಷರತ್ತು ಕಳಚುತ್ತದೆ. ಡಿಸ್ಕ್ರಿಮಿನಂಟ್ ದೊಡ್ಡದಾದರೆ ಅದು ಮುಗಿಯುವುದೇ ಕಷ್ಟ. ಆಗ ಪ್ರಮೇಯದ ಹೇಳಿಕೆಯಲ್ಲೇ ಷರತ್ತನ್ನು ಬರೆಯಬೇಕು, ಅಡಿಟಿಪ್ಪಣಿಗೆ ತಳ್ಳಬಾರದು. ಪಾರಿಯ ಫ್ಯಾಕ್ಟರ್ ಆಜ್ಞೆಯೂ ಹೀಗೆಯೇ: ದೊಡ್ಡ ಅವಿಭಾಜ್ಯಗಳನ್ನು ಅದು ಮಾಮೂಲಿನಂತೆ ಸಂಭಾವ್ಯ ಅವಿಭಾಜ್ಯಗಳಾಗಿಯೇ ಬಿಡುತ್ತದೆ, ಸಾಬೀತು ಬೇಕಾದರೆ ಇಸ್‌ಪ್ರೈಮ್ ಓಡಿಸಬೇಕು.

2002ರಲ್ಲಿ ಐಐಟಿ ಕಾನ್ಪುರದಿಂದ ಬಂದ, ಸಂಖ್ಯೆ ಅವಿಭಾಜ್ಯವೇ ಎಂದು ಪರೀಕ್ಷಿಸುವ ಎಕೆಎಸ್ ಕ್ರಮವನ್ನೂ ಒಮ್ಮೆ ಬರೆಸಿ. ಪಾಲಿನಾಮಿಯಲ್ ಟೈಮ್‌ನಲ್ಲಿ (ಅಂಕಿಗಳ ಎಣಿಕೆಯ ಯಾವುದೋ ಒಂದು ನಿಗದಿತ ಘಾತದ ಮಿತಿಯೊಳಗೆ) ಕೆಲಸ ಮುಗಿಯುತ್ತದೆ ಎಂಬ ಸುಂದರ ಪ್ರಮೇಯ ಅದು. ಆದರೂ ನೂರು ಅಂಕಿಯ ಸಂಖ್ಯೆಯ ಮುಂದೆ ಎಲಿಪ್ಟಿಕ್ ಕರ್ವ್‌ಗಳಿಂದ ಅವಿಭಾಜ್ಯತೆ ಸಾಬೀತು ಮಾಡುವ ವಿಧಾನ ಅದನ್ನು ಎಷ್ಟು ಹಿಂದೆ ಹಾಕುತ್ತದೆ ಎಂದು ವಿದ್ಯಾರ್ಥಿ ತಾನೇ ಗಡಿಯಾರ ಹಿಡಿದು ನೋಡಲಿ.