ಓದುಗರ ಪ್ರಶ್ನೆ, ನಮ್ಮ ಉತ್ತರ: ಹೊಸ ಹಳಿಯೋ, ಹೊಸ ಬಣ್ಣವೋ?

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಮಕ್ಕಳನ್ನು ಶೈಕ್ಷಣಿಕ ಪ್ರವಾಸದ ಕೊನೆಯ ದಿನ ಬೆಂಗಳೂರಿನ ಕಡೆಯ ಥೀಮ್ ಪಾರ್ಕಿಗೆ ಕರೆದೊಯ್ಯುವ ಯೋಚನೆಯಿದೆ. ಜಾಹೀರಾತುಗಳಲ್ಲಿ ಕೆಲವು ಆಟಗಳನ್ನು ‘ಹೊಚ್ಚ ಹೊಸದು’ ಎಂದೂ ಕೆಲವನ್ನು ‘ನವೀಕೃತ’ ಎಂದೂ ಹಾಕಿರುತ್ತಾರೆ. ನವೀಕರಣವೆಂದರೆ ಹಳೆಯದಕ್ಕೆ ಬಣ್ಣ ಬಳಿಯುವುದಷ್ಟೇ ಎಂದು ಪಾಲಕರೊಬ್ಬರು ತಕರಾರು ತೆಗೆದಿದ್ದಾರೆ. ಇದು ನಿಜವೇ?
– ಶಿಕ್ಷಕರು, ಮುಧೋಳ

ಉತ್ತರ: ಪಾಲಕರ ತಕರಾರಿನಲ್ಲಿ ಹುರುಳಿದೆ, ಆದರೆ ಪೂರ್ತಿ ಸತ್ಯವಿಲ್ಲ. ಚಕ್ಕಡಿಗೆ ಬಣ್ಣ ಹಚ್ಚಿದ ಮಾತ್ರಕ್ಕೆ ಅದರ ಅಚ್ಚು ಹೊಸದಾಗುವುದಿಲ್ಲವೆಂದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ; ಆದರೆ ಅಚ್ಚು ಬದಲಾಯಿಸಿ ಹಳೆಯ ಬಣ್ಣವನ್ನೇ ಉಳಿಸಿಕೊಂಡ ಚಕ್ಕಡಿಯೂ ಇರುತ್ತದೆ. ಥೀಮ್ ಪಾರ್ಕುಗಳಲ್ಲಿ ಎರಡೂ ಬಗೆಯ ನವೀಕರಣ ನಡೆಯುತ್ತದೆ. ಅಮೆರಿಕದ ಡಿಸ್ನಿಲ್ಯಾಂಡಿನಲ್ಲಿ 1977ರಲ್ಲಿ ಆರಂಭವಾದ ‘ಸ್ಪೇಸ್ ಮೌಂಟನ್’ ಎಂಬ ಕತ್ತಲೆಯ ರೋಲರ್ ಕೋಸ್ಟರನ್ನು 2003ರಲ್ಲಿ ಮುಚ್ಚಿ, ಅದರ ಹಳಿಯನ್ನು ಸಂಪೂರ್ಣವಾಗಿ ಕಿತ್ತು ಹೊಸದನ್ನು ಹಾಕಿ, 2005ರಲ್ಲಿ ಮತ್ತೆ ತೆರೆದರು. ಹಳಿ ಹೊಸದಾದರೂ ತಿರುವುಗಳ ವಿನ್ಯಾಸ ಮಾತ್ರ ಹಳೆಯದೇ ಆಗಿತ್ತು. ಅದೇ ಸಂಸ್ಥೆಯ ‘ಸ್ಪ್ಲ್ಯಾಶ್ ಮೌಂಟನ್’ ಎಂಬ ನೀರಿನ ಆಟ 2024ರಲ್ಲಿ ಬೇರೆ ಹೆಸರು, ಬೇರೆ ಕತೆ, ಬೇರೆ ಗೊಂಬೆಗಳೊಂದಿಗೆ ತೆರೆಯಿತಾದರೂ ದೋಣಿ ಇಳಿಯುವ ಕಾಲುವೆ ಮೊದಲಿನದೇ. ಕಣ್ಣಿಗೆ ಎರಡನೆಯದು ಹೊಸದು, ಎಂಜಿನಿಯರಿಗೆ ಮೊದಲನೆಯದು.

ನಿಜವಾದ ನವೀಕರಣದಲ್ಲಿ ಬೋಗಿಗಳನ್ನು ಬಿಡಿಬಿಡಿಯಾಗಿ ಬಿಚ್ಚುತ್ತಾರೆ. ಅಚ್ಚುಗಳ ಹಾಗೂ ಬೆಸುಗೆಗಳ ಮೇಲಿನ ಬಣ್ಣವನ್ನು ಕೆರೆದು ತೆಗೆದು, ಬಣ್ಣದ ದ್ರವವನ್ನೋ ಕಾಂತದ ಪುಡಿಯನ್ನೋ ಬಳಸಿ ಬರಿಗಣ್ಣಿಗೆ ಕಾಣದ ಬಿರುಕುಗಳನ್ನು ಹುಡುಕುತ್ತಾರೆ. ಬೋಗಿಗೆ ಮೂರು ಬಗೆಯ ಗಾಲಿಗಳಿರುತ್ತವೆ: ಭಾರ ಹೊರಲು ಹಳಿಯ ಮೇಲೊಂದು, ತಿರುವಿನಲ್ಲಿ ಹಿಡಿತಕ್ಕೆ ಪಕ್ಕದಲ್ಲೊಂದು, ದಿಬ್ಬದ ನೆತ್ತಿಯಲ್ಲಿ ಬೋಗಿ ಮೇಲಕ್ಕೆ ಹಾರದಂತೆ ತಡೆಯಲು ಹಳಿಯ ಕೆಳಗೊಂದು. ಇವುಗಳ ಪಾಲಿಯುರೆಥೇನ್ ಹೊದಿಕೆ ಸವೆಯುವಂಥದ್ದಾದ್ದರಿಂದ ಅದನ್ನು ಕಾಲಕಾಲಕ್ಕೆ ಬದಲಿಸಲೇಬೇಕು. ಬಣ್ಣವೂ ನಿರರ್ಥಕವೇನಲ್ಲ, ಅದು ಉಕ್ಕನ್ನು ತುಕ್ಕಿನಿಂದ ಕಾಯುತ್ತದೆ.

ಬಿಡದಿಯ ಬಳಿಯ ವಂಡರ್‌ಲಾ ಆರಂಭವಾದುದು 2005ರಲ್ಲಿ. ಅಷ್ಟು ವಯಸ್ಸಾದ ಯಾವುದೇ ಪಾರ್ಕಿನಲ್ಲಿ ಹಳೆಯ ಆಟಗಳನ್ನು ನಿಲ್ಲಿಸಿ ದುರಸ್ತಿ ಮಾಡುತ್ತಿರುವುದು ಚಿಂತೆಯ ಸಂಗತಿಯಲ್ಲ. ಎಂದೂ ನಿಲ್ಲಿಸದಿದ್ದರೆ ಚಿಂತಿಸಬೇಕು. ಹೊಸ ಆಟವೆಂದರೆ ನಿರಾತಂಕವೆಂದೂ ತಿಳಿಯಬೇಡಿ: ಸಂವೇದಕಗಳೂ ನಿಯಂತ್ರಣ ವ್ಯವಸ್ಥೆಯೂ ಹೊಂದಿಕೊಳ್ಳುವವರೆಗೆ ಅದು ಆಗಾಗ ತಾನಾಗಿಯೇ ನಿಂತುಬಿಡುವುದು ಸಾಮಾನ್ಯ. ಆದ್ದರಿಂದ ಹೊರಡುವ ವಾರದ ಮೊದಲೇ ಫೋನ್ ಮಾಡಿ, ನೀವು ಹೋಗುವ ದಿನ ಯಾವ ಆಟಗಳು ಮುಚ್ಚಿರುತ್ತವೆ, ನವೀಕೃತವೆಂದು ಹೇಳುವ ಆಟದಲ್ಲಿ ಏನೇನು ಬದಲಾಗಿದೆ ಎಂದು ಕೇಳಿ. ‘ಹೊಸ ಅನುಭವ’ ಎಂಬ ಉತ್ತರಕ್ಕೆ ತೃಪ್ತರಾಗದೆ ಆಸನ, ಬ್ರೇಕ್, ಹಳಿ ಎಂದು ಹೆಸರಿಸಿಯೇ ಕೇಳಿ. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದ ಮಕ್ಕಳು ಬೀಗ ಹಾಕಿದ ಗೇಟಿನೆದುರು ನಿಲ್ಲುವುದಾದರೂ ತಪ್ಪುತ್ತದೆ.

ಪ್ರಶ್ನೆ: ಒಂಬತ್ತು ವರ್ಷದ ಮಗಳನ್ನು ಎತ್ತರ ಸಾಲದೆಂದು ದೊಡ್ಡ ಆಟಕ್ಕೆ ಬಿಡಲಿಲ್ಲ. ಅವಳಿಗೆ ಎಳ್ಳಷ್ಟೂ ಹೆದರಿಕೆಯಿಲ್ಲ. ವಯಸ್ಸನ್ನೂ ಧೈರ್ಯವನ್ನೂ ನೋಡದೆ ಅಳತೆಗೋಲನ್ನಷ್ಟೇ ನಂಬುವುದು ಸರಿಯೇ?
– ಓದುಗರು, ಗೋಕಾಕ

ಉತ್ತರ: ಸರಿ. ಆ ಗೆರೆ ಇರುವುದು ಧೈರ್ಯವನ್ನು ಅಳೆಯಲು ಅಲ್ಲ. ಹೆಗಲ ಮೇಲೆ ಇಳಿಯುವ ಅಥವಾ ತೊಡೆಯ ಮೇಲೆ ಕೂರುವ ಹಿಡಿಕಂಬಿಯನ್ನು ಒಂದು ನಿಗದಿತ ಮೈಕಟ್ಟಿಗೆಂದೇ ವಿನ್ಯಾಸಗೊಳಿಸಿರುತ್ತಾರೆ. ಮಗು ಚಿಕ್ಕದಾಗಿದ್ದರೆ ಕಂಬಿಗೂ ದೇಹಕ್ಕೂ ನಡುವೆ ಸಂದು ಉಳಿದು, ಆಸನದಿಂದ ಮೈ ಮೇಲೇಳುವ ಕ್ಷಣದಲ್ಲಿ ಜಾರುವ ಅಪಾಯವಿದೆ. ಬೂಟಿನೊಳಗೆ ಬಟ್ಟೆ ತುರುಕಿ ಎತ್ತರ ಹೆಚ್ಚಿಸುವ ತಂದೆತಾಯಿಯರೂ ಇದ್ದಾರೆ. ಅವರು ಮೋಸಗೊಳಿಸುವುದು ಪಾರ್ಕಿನ ಸಿಬ್ಬಂದಿಯನ್ನಲ್ಲ.

ಪ್ರಶ್ನೆ: ರೋಲರ್ ಕೋಸ್ಟರ್ ಓಡುತ್ತಿರುವಾಗ ಕರೆಂಟು ಹೋದರೆ ಗತಿಯೇನು?
– ಪಿಯುಸಿ ವಿದ್ಯಾರ್ಥಿ, ಸಿಂದಗಿ

ಉತ್ತರ: ದಿನವೂ ಕರೆಂಟಿನ ದಾರಿ ಕಾಯುವ ಊರಿನಿಂದ ಸಹಜವಾಗಿಯೇ ಬಂದ ಪ್ರಶ್ನೆ. ಸಾಮಾನ್ಯ ಕೋಸ್ಟರಿನಲ್ಲಿ ಸರಪಳಿ ಬೋಗಿಯನ್ನು ಮೊದಲ ಏರಿನ ತುದಿಗೆ ಒಯ್ಯುತ್ತದೆ. ಅಲ್ಲಿಂದ ಮುಂದೆ ಓಡಿಸುವುದು ಗುರುತ್ವ. ಏರುವಾಗ ಕೇಳುವ ಟಕ್ ಟಕ್ ಸದ್ದನ್ನು ಗಮನಿಸಿರಬಹುದು. ಬೋಗಿಯ ಅಡಿಯ ಉಕ್ಕಿನ ಕೊಕ್ಕೆ ಹಲ್ಲಿನಿಂದ ಹಲ್ಲಿಗೆ ಬೀಳುವ ಸದ್ದು ಅದು. ಸರಪಳಿ ನಿಂತರೂ ಆ ಕೊಕ್ಕೆ ಬೋಗಿಯನ್ನು ಹಿಂದಕ್ಕೆ ಜಾರಗೊಡುವುದಿಲ್ಲ, ಪಕ್ಕದ ಮೆಟ್ಟಿಲುಗಳಿಂದ ಸಿಬ್ಬಂದಿ ಜನರನ್ನು ಇಳಿಸುತ್ತಾರೆ. ಇನ್ನು ಕೆಳಗೆ ಬಂದ ಬೋಗಿಯನ್ನು ಅನೇಕ ಹೊಸ ಕೋಸ್ಟರುಗಳಲ್ಲಿ ಕಾಂತಗಳೇ ನಿಧಾನಗೊಳಿಸುತ್ತವೆ. ಶಾಶ್ವತ ಕಾಂತಗಳ ನಡುವೆ ತಾಮ್ರದ ಅಥವಾ ಅಲ್ಯೂಮಿನಿಯಂನ ಪಟ್ಟಿ ವೇಗವಾಗಿ ಹಾಯುವಾಗ ಅದರೊಳಗೆ ಸುಳಿ ವಿದ್ಯುತ್ ಹುಟ್ಟಿ ಚಲನೆಯನ್ನು ವಿರೋಧಿಸುತ್ತದೆ. ಲೆಂಜ್ ನಿಯಮವೆಂದು ನೀನು ಪಠ್ಯದಲ್ಲಿ ಓದುವುದು ಇದನ್ನೇ. ಇದಕ್ಕೆ ಹೊರಗಿನ ಕರೆಂಟು ಬೇಡ. ವೇಗ ತಗ್ಗಿದಂತೆ ಈ ತಡೆಯೂ ತಗ್ಗುವುದರಿಂದ, ಬೋಗಿಯನ್ನು ಪೂರ್ತಿ ನಿಲ್ಲಿಸಲು ಮಾತ್ರ ಬೇರೆ ಬ್ರೇಕ್ ಬೇಕಾಗುತ್ತದೆ.

ಪ್ರಶ್ನೆ: ಸಿದ್ಧೇಶ್ವರ ಜಾತ್ರೆಗೆ ಬರುವ ಜಾಯಿಂಟ್ ವ್ಹೀಲನ್ನೂ ಹೀಗೆಯೇ ಪರೀಕ್ಷಿಸಬಹುದೇ?
– ಗೃಹಿಣಿ, ವಿಜಯಪುರ

ಉತ್ತರ: ಸ್ವಲ್ಪಮಟ್ಟಿಗೆ. ಅದನ್ನು ಊರಿಂದೂರಿಗೆ ಬಿಚ್ಚಿ ಜೋಡಿಸುತ್ತಾರಾದ್ದರಿಂದ ಬೆಸುಗೆಗಿಂತ ಮೊದಲು ಪಿನ್ನುಗಳನ್ನು ನೋಡಬೇಕು. ತೊಟ್ಟಿಲು ತೂಗುವ ಪಿನ್ನಿನ ತುದಿಯಲ್ಲಿ ಭದ್ರತೆಯ ಕ್ಲಿಪ್ ಇರಬೇಕೇ ಹೊರತು ತಂತಿಯ ಸುತ್ತಲ್ಲ. ಬುಡದ ಮರದ ದಿಮ್ಮಿಗಳು ನೆಲಕ್ಕೆ ಸಮನಾಗಿ ಕೂತಿರಬೇಕು. ಒಂದು ಸುತ್ತು ದೂರದಲ್ಲಿ ನಿಂತು ನೋಡಿ, ಚಕ್ರ ಅತ್ತಿತ್ತ ಓಲಾಡುತ್ತಿದ್ದರೆ ಮಕ್ಕಳನ್ನು ಹತ್ತಿಸಬೇಡಿ.