ಚಂದ್ರ ಒಬ್ಬನೇ, ಉಬ್ಬರವೇಕೆ ಬೇರೆ ಬೇರೆ?

ಪ್ರಶ್ನೆ: ಮಂಗಳೂರಿನಲ್ಲಿ ಉಬ್ಬರ-ಇಳಿತಗಳ ಅಂತರ ಹೆಚ್ಚೆಂದರೆ ಒಂದೂವರೆ ಮೀಟರ್. ಗುಜರಾತಿನ ಭಾವನಗರದಲ್ಲಿ 10 ಮೀಟರ್ ಎನ್ನುತ್ತಾರೆ. ಹೇಗೆ ಸಾಧ್ಯ?

ಉತ್ತರ: ಚಂದ್ರ-ಸೂರ್ಯರ ಸೆಳೆತ ನಡುಸಾಗರದಲ್ಲಿ ಎಬ್ಬಿಸುವ ಉಬ್ಬರ ಒಂದು ಮೀಟರಿನಷ್ಟೂ ಇರುವುದಿಲ್ಲ. ಉಳಿದದ್ದೆಲ್ಲ ಕರಾವಳಿಯ ಆಕಾರ ಮತ್ತು ಆಳದ ಕೆಲಸ.

ಉಬ್ಬರವೂ ಒಂದು ಅಲೆಯೇ, ಬಹಳ ಉದ್ದನೆಯದು. 4,000 ಮೀಟರ್ ಆಳದಲ್ಲಿ ಗಂಟೆಗೆ ಸುಮಾರು 700 ಕಿ.ಮೀ. ಓಡುವ ಅದು 25 ಮೀಟರ್ ಆಳಕ್ಕೆ ಬಂದಾಗ 56 ಕಿ.ಮೀ.ಗೆ ಇಳಿಯುತ್ತದೆ. ಮುಂದಿನ ನೀರು ನಿಧಾನವಾದಾಗ ಹಿಂದಿನದು ಅದರ ಮೇಲೇರುತ್ತದೆ. ಮುಂಬೈ ಎದುರಿನ ಆಳವಿಲ್ಲದ ಕಡಲತಳ ಸುಮಾರು 300 ಕಿ.ಮೀ. ಅಗಲ, ದಕ್ಷಿಣಕ್ಕೆ ಬಂದಂತೆ ಕಿರಿದಾಗುತ್ತದೆ. ಭಾವನಗರ ಇರುವ ಖಂಭಾತ್ ಕೊಲ್ಲಿಯಂತೂ ಲಾಳಿಕೆಯ ಹಾಗೆ: ಅಗಲ ಬಾಯಿಂದ ನುಗ್ಗಿದ ನೀರಿಗೆ ಒಳಗೆ ಜಾಗವಿಲ್ಲ, ಮೇಲೇರಲೇಬೇಕು. ಇಳಿತದಲ್ಲೂ ಹಡಗುಗಳು ತೇಲುತ್ತಿರಲೆಂದೇ ಭಾವನಗರ ಬಂದರಿಗೆ ನೀರು ಹಿಡಿದಿಡುವ ಲಾಕ್ ಗೇಟ್ ಇದೆ.

ಇನ್ನೊಂದು ಕಾರಣ ಅನುರಣನೆ. ನೀರು ತುಂಬಿದ ಬಾನಿಯನ್ನು ಸರಿಯಾದ ಲಯಕ್ಕೆ ಅಲುಗಿಸಿದರೆ ನೀರು ಅಂಚು ದಾಟುತ್ತದಲ್ಲ, ಹಾಗೆ. ಕೆನಡಾದ ಫಂಡಿ ಕೊಲ್ಲಿಯ ನೀರಿನ ಸಹಜ ತೂಗಾಟ ಸುಮಾರು 13 ಗಂಟೆ. ಉಬ್ಬರದ ಲಯ 12 ಗಂಟೆ 25 ನಿಮಿಷ. ಎರಡೂ ಹತ್ತಿರವಾದ್ದರಿಂದ ಅಲ್ಲಿ ಅಂತರ 16 ಮೀಟರ್ ಮುಟ್ಟುತ್ತದೆ. ಅದೇ, ಕಿರಿದಾದ ಜಿಬ್ರಾಲ್ಟರ್ ಜಲಸಂಧಿಯೇ ಸಾಗರಕ್ಕೆ ಬಾಗಿಲಾಗಿರುವ ಮೆಡಿಟರೇನಿಯನ್‌ನ ಬಹುಭಾಗದಲ್ಲಿ ಅರ್ಧ ಮೀಟರೂ ಇಲ್ಲ.

ಆದ್ದರಿಂದ ದೋಣಿ ಇಳಿಸುವವರು ಒಂದು ಬಂದರಿನ ಉಬ್ಬರ ಪಟ್ಟಿಯನ್ನು ಇನ್ನೊಂದಕ್ಕೆ ಬಳಸಬಾರದು. ಎತ್ತರವಷ್ಟೇ ಅಲ್ಲ, ವೇಳೆಯೂ ಬೇರೆ.